ಮೌಲಾಲಿಯ ಬಾಟ್ಲಿ

೧೨ ನವೆಂಬರ್ ೧೯೫೯, ಮುಂಜಾನೆ

ಧೋತರ ಒಗೆದು ಹಾಕಿ ಬಂದೆ. ಬರೀ ನೀರಲ್ಲಿ. ಒಗೆಯುವ ಸೋಡಾ ಮುಟ್ಟಿಸುವ ಹಾಗಿಲ್ಲ, ಸಾಬೂನೂ ಇಲ್ಲ. ಉಣಕಲ್ ಕೆರೆ ದಂಡೆಯಲ್ಲಿ ನನ್ನದೇ ಒಂದು ಕಲ್ಲಿದೆ. ಹೆಂಡತಿ ಇದ್ದಾಗಲೂ ಅವಳ ಕೈಗೆ ಕೊಟ್ಟವನಲ್ಲ. ಊರಲ್ಲಿ ಹೆಸರೇ ಆಗಿಬಿಟ್ಟಿದೆ — "ನೀಲಕಂಠಪ್ಪನವರು ತಮ್ಮ ಧೋತರ ತಾವ ಒಗಕೋತಾರ, ದೊಡ್ಡ ಶರಣ್ರು." ಇರಲಿ. ತಾನಾಗಿ ಬಂದ ಹೆಸರು ಯಾಕೆ ಬಿಡಲಿ?

ಪೇಟೆಯಲ್ಲಿ ಹತ್ತಿ ಧಾರಣೆ ಏರಿದೆ. ಅದಕ್ಕಿಂತ ದೊಡ್ಡ ಸುದ್ದಿ, ಅಕ್ಕ ಸಂಗವ್ವನ ಮಗಳು ಮುರಿಗೆವ್ವ ಎಂ.ಎಸ್ಸಿ. ಫಸ್ಟ್ ಕ್ಲಾಸು. ಈಗ ಧಾರವಾಡದಲ್ಲೇ ರಿಸರ್ಚು. ಅಡತಿ ಅಂಗಡಿಗಳಲ್ಲೆಲ್ಲ ಹೇಳಿಕೊಂಡು ಬಂದೆ — ಅವಳಿಗೆ ಅಂಕಿ ಕಲಿಸಿದವನು ನಾನು, ಹತ್ತಿಕಾಳು ಎಣಿಸಿ ಎಣಿಸಿ. ಕಲಿಸಿದ್ದು ಅವಳ ಅಪ್ಪ. ತೀರಿಕೊಂಡವನು ಬಂದು ಸಾಕ್ಷಿ ಹೇಳುವುದಿಲ್ಲ.

"ಎಂಥಾ ರಿಸರ್ಚ್‌ರಿ?" ಎಂದರು. ತಾಯಿ-ತಂದೆಯಿಂದ ಮಕ್ಕಳಿಗೆ ಇಳಿಯುವ ರೋಗಗಳದು ಎಂದೆ, ಮೀಸೆ ತಿರುವಿ. ಅಂದವನೇ ಬೇರೆ ಮಾತು ತೆಗೆದೆ.

೩ ಡಿಸೆಂಬರ್ ೧೯೫೯

ಮುರಿಗೆವ್ವನನ್ನು ನಮ್ಮ ಹುಟ್ಟೂರು ಉಪ್ಪಿನಬೆಟಗೇರಿಗೆ ಕರೆದುಕೊಂಡು ಹೋಗಿದ್ದೆ. ಮೌಲಾಲಿಯ ಟಾಂಗಾ. ಮೌಲಾಲಿ ನನ್ನ ಸಾಲಿ ಗೆಳೆಯ. ಅಲ್ಲಿನ ಕನ್ನಡ ಸಾಲಿಯಲ್ಲಿ ಒಂದೇ ಮಣೆ, ಒಂದೇ ಮಾಸ್ತರರ ಬೆತ್ತ. ನಾನು ಮುಲ್ಕಿ ಪರೀಕ್ಷೆ ಪಾಸಾದೆ, ಅವನು ಕುದುರೆ ಹಿಡಿದ.

ಅವಳಿಗೆ ಒಳಗೊಳಗೇ ಹೆಣ್ಣು ಕೊಟ್ಟು ತಂದುಕೊಂಡ ಮನೆಗಳು ಬೇಕು. ಸೋದರಮಾವ, ಅತ್ತೆಯ ಮಗ — ಅಂಥವು. ಊರಲ್ಲಿ ಬೇರೆ ಮನೆ ಎಲ್ಲಿವೆ? ನಾನು ಹೋದರೆ ಬಾಗಿಲು ತೆರೆಯದವರಿಲ್ಲ. ಆಮೇಲೆ ಅವಳು ಚೀಲದಿಂದ ಬಾಟ್ಲಿ ತೆಗೆದಳು. ಮನೆಮಂದಿಯೆಲ್ಲ ಮುಂಜಾನೆಯ ಉಚ್ಚೆ ಹಿಡಿದು ಕೊಡಬೇಕಂತೆ. ಸತ್ತೆನಪ್ಪಾ! ನಗೆಯೋ ನಗೆ. ಒಬ್ಬ ಮುದುಕಿ, "ಯವ್ವಾ, ಸರಕಾರದವರು ಇದಕ್ಕೂ ತೆರಿಗಿ ಹಾಕತಾರೇನು?" ಎಂದಳು.

ಬರುವಾಗ ಕೇಳಿದೆ. "ಇದರಾಗ ಏನ ಹುಡುಕತೀಯವಾ?"

"ಕೆಲವರದು ಗಾಳಿಗೆ ಇಟ್ರ ಕಪ್ಪಾಗತೈತಿ, ಮಾಮಾ. ಸೋಡಾ ಬಿದ್ರಂತೂ ಆಗಿಂದಾಗ. ಮೈಯಾಗ ಒಂದು ಕೆಲಸ ನಿಂತಿರತೈತಿ. ಭಾಳ ಅಪರೂಪ. ಅಂಥಾ ಒಂದು ಮನಿ ಸಿಕ್ರ ಸಾಕು."

ಟಾಂಗಾದ ಸರಳು ಹಿಡಿದುಕೊಂಡೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನಿನ್ನ ಕಿವಿ ಯಾಕ ನೀಲಿ ಆಗ್ಯಾವು?"

"ಶಿವಗ ಕೊರಳು ನೀಲಿ, ಈ ನೀಲಕಂಠಪ್ಪಗ ಕಿವಿ" ಎಂದೆ. ಮೌಲಾಲಿ ನಕ್ಕ. ಅವಳು ನಗಲಿಲ್ಲ. ನನ್ನ ಕೈಗೂ ಒಂದು ಬಾಟ್ಲಿ ಕೊಟ್ಟಳು.

೪ ಡಿಸೆಂಬರ್

ಬಾಟ್ಲಿ ಮೌಲಾಲಿಗೆ ಕೊಟ್ಟೆ. "ತುಂಬಿಸಿ ತಾ, ಯಾಕಂತ ಕೇಳಬ್ಯಾಡ." ಅವನು ಕೇಳಲಿಲ್ಲ. "ಮುಲ್ಕಿ ಪಾಸಾದವರ ಕಡೆ ಇಷ್ಟೂ ಸ್ಟಾಕ್ ಇಲ್ಲೇನು?" ಎಂದ ಅಷ್ಟೇ. ಮೇಲೆ ನನ್ನ ಹೆಸರು ಬರೆದು ಮುರಿಗೆವ್ವನಿಗೆ ಕಳಿಸಿದೆ.

ಅವ್ವ ಹೇಳಿದ್ದು ಇಲ್ಲಿ ಬರೆಯುತ್ತೇನೆ. ಯಾರಿಗೂ ಹೇಳಿಲ್ಲ. ನಾನು ಹುಟ್ಟುವ ಮೊದಲು ನಮ್ಮ ಕಾಕಾಗೆ ಒಂದು ಕೂಸು ಹುಟ್ಟಿತ್ತು. ಅದರ ಅರಿವೆ ಒಗೆದರೆ ಕಪ್ಪಾಗುತ್ತಿದ್ದವು. ತಾಯಿಯ ಹಾಲು ವಿಷವಾಗಿದೆ ಎಂದರು ಹಿರಿಯರು. ಹಾಲು ಬಿಡಿಸಿದರು. ಸಕ್ಕರೆ ನೀರು ಹಾಕಿದರು. ಸಕ್ಕರೆ ನೀರಿನ ಮೇಲೆ ಕೂಸು ಎಷ್ಟು ದಿನ ಬದುಕೀತು? ಅಕ್ಕ ಸಂಗವ್ವ ಆಗ ಸಣ್ಣವಳು, ನೋಡಿದ್ದಾಳೆ. ಮರುವರ್ಷ ನಾನು ಹುಟ್ಟಿದೆ. ನನ್ನ ಅರಿವೆಯೂ ಹಾಗೇ. ಅವ್ವ ತುಟಿ ಬಿಚ್ಚಲಿಲ್ಲ. ತಾನೇ ಒಗೆದಳು, ಯಾರೂ ಏಳುವ ಮೊದಲು. ಬುದ್ಧಿ ಬಂದ ಮೇಲೆ ನನಗೆ ಕಲಿಸಿದಳು — "ನಿನ್ನ ಧೋತರ ಯಾರ ಕೈಗೂ ಕೊಡಬ್ಯಾಡ, ಮಗನ. ಕೊಟ್ಟಿ ಅಂದ್ರ ಆ ಕೂಸಿನಂಗ ನಿನ್ನೂ ಒಯ್ತಾರ."

ಈಗ ನನಗೆ ಐವತ್ತಾಗಿದೆ. ಬೆನ್ನು ಹಲಗೆಯ ಹಾಗೆ ಬಿಗಿದಿದೆ, ಬೇರೇನೂ ಇಲ್ಲ. ಆದರೂ ಆ ಮಾತು ನೆನಪಾದರೆ ಎದ್ದು ಬಾಗಿಲ ಚಿಲಕ ಹಾಕುತ್ತೇನೆ.

೨೦ ಫೆಬ್ರುವರಿ ೧೯೬೦

ಲ್ಯಾಬೊರೇಟರಿ ನೋಡಿದೆ. ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಕಾಗದ ಇಳಿಬಿಟ್ಟಿದ್ದಾರೆ. ಕಾಗದದ ಮೇಲೆ ನೇರಳೆ ಚುಕ್ಕಿ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅವಳ ಪ್ರೊಫೆಸರರು ಬಂದರು. ಉಪ್ಪಿನಬೆಟಗೇರಿಯ ಅರ್ಧ ಊರನ್ನು ನಾನೇ ತಂದುಕೊಟ್ಟೆ ಎಂದು ಹೇಳಿಕೊಂಡೆ. ಕೈ ಕುಲುಕಿದರು.

ಗೋಡೆಗೆ ನಮ್ಮ ಮನೆತನದ ನಕ್ಷೆ ಅಂಟಿಸಿದ್ದಾಳೆ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ರೋಗ ಇದ್ದರೆ ಮಸಿ ತುಂಬುತ್ತಾಳೆ, ಇಲ್ಲದಿದ್ದರೆ ಬಿಳಿ. ಕಾಕಾನ ಕೂಸಿನ ಹತ್ತಿರ ಒಂದು ಪ್ರಶ್ನೆ ಚಿಹ್ನೆ — ಅಕ್ಕ ಹೇಳಿದ್ದಾಳಂತೆ. ನನ್ನ ಚೌಕ ಬಿಳಿ. ಹಾಲಿನಂತೆ ಬಿಳಿ.

"ನೀ ಒಬ್ಬನ ಖಾತ್ರಿ ಮನಷ್ಯ, ಮಾಮಾ" ಎಂದಳು.

ಬಸ್ಸಿನಲ್ಲಿ ಬರುವಾಗ ಎರಡು ಸಲ ಇಳಿಯಬೇಕೆನಿಸಿತು, ತಿರುಗಿ ಹೋಗಿ ಹೇಳಿಬಿಡಬೇಕೆಂದು. ಇಳಿಯಲಿಲ್ಲ.

೭ ಏಪ್ರಿಲ್ ೧೯೬೧

ನನ್ನ ಮಗಳು ಚೆನ್ನವ್ವನಿಗೆ ಅಕ್ಕನ ಮಗ ಸಿದ್ದಲಿಂಗಪ್ಪ. ತೊಟ್ಟಿಲಲ್ಲೇ ಆದ ಮಾತು. ಅಡ್ಡ ಬಂದವಳು ಒಬ್ಬಳೇ — ಹುಡುಗನ ತಂಗಿ, ನಮ್ಮ ಮುರಿಗೆವ್ವ.

ಹತ್ತಿಯ ಲೆಕ್ಕದಲ್ಲೇ ತಿಳಿಸಿದಳು. "ಮಾಮಾ, ಕೆಂಪು ಹತ್ತಿ ಗಿಡ, ಬಿಳಿ ಹತ್ತಿ ಗಿಡ ಕೂಡಿಸಿದ್ರ ಎಲ್ಲಾ ಬಿಳೀನ ಬಂತು ಅಂತ ತಿಳಿ. ಕೆಂಪು ಹೋಗಿರೂದಿಲ್ಲ, ಅಡಗಿರತೈತಿ. ಆ ಬಿಳಿ ಬಿಳಿ ಮತ್ತ ಕೂಡಿದ್ರ ಯಾವುದೋ ಒಂದು ಗಿಡಕ್ಕ ಕೆಂಪು ಎದ್ದು ಬರತೈತಿ. ನಮ್ಮ ಮನಿಯಾಗ ನಿನ್ನ ಕಾಕಾನ ಕೂಸಿನ ಸುದ್ದಿ ಐತೆಲ್ಲ, ಅದರದ ಅಂಜಿಕಿ."

ಅವಳೇ ಮುಂದುವರಿಸಿದಳು. "ಆದ್ರ ಅದು ಬರೇ ಹೇಳಿಕಿ ಸುದ್ದಿ. ನಿಂದು ನಾನ ಕಣ್ಣಾರೆ ನೋಡೇನಿ, ಸ್ವಚ್ಛ ಐತಿ. ನಿಂದು ಕಪ್ಪಾಗಿದ್ರ ಈ ಮದವಿ ಆಗಾಕ ಬಿಡತಿದ್ದಿಲ್ಲ."

ಆಗ ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. ಹೊರಳಿದ್ದು ಬೇರೆ — "ನಮ್ಮ ವಂಶಾ ಅಂದ್ರ ಏನ ತಿಳದಿ, ಬಂಗಾರ!"

೨ ಮೇ ೧೯೬೧

ಮದುವೆಯಾಯಿತು. ಧಾರವಾಡ ನೋಡದ ಊಟ ಹಾಕಿಸಿದೆ. ಒಂದು ತುತ್ತು ಇಳಿಯಲಿಲ್ಲ.

೨೯ ಜನವರಿ ೧೯೬೩

ಗಂಡು ಕೂಸು! ಚೊಚ್ಚಲು ಬಾಣಂತನ ತವರಲ್ಲಿ, ನನ್ನ ಮನೆಯಲ್ಲಿ. ಸೂಲಗಿತ್ತಿ ಮೌಲಾಲಿಯ ಹೆಂಡತಿ ಲಾಲಬಿ. "ಮೂಗು ಥೇಟ್ ಅಜ್ಜಂದ" ಎಂದಳು. ಪೇಟೆಗೆಲ್ಲ ಪೇಢೆ ಹಂಚಿದೆ.

೩೧ ಜನವರಿ, ಬೆಳಗಿನ ಜಾವ

ಬರೀ ಮೂಗಲ್ಲ.

ಲಾಲಬಿ ಸೋಡಾ ನೀರಿನಲ್ಲಿ ಅರಿವೆ ನೆನೆಸಿದ್ದಳು. ಬುಟ್ಟಿ ನೋಡಿದೆ. ಮಸಿ ಕಲೆಸಿದ ಹಾಗೆ. ಅವಳು ಬೆಂಕಿ ಮಾಡಲು ಹೋಗಿದ್ದಳು — ಎಲ್ಲ ಎತ್ತಿಕೊಂಡು ಕೆರೆಗೆ ಓಡಿದೆ.

ದೇವರೇ.

೧೦ ಫೆಬ್ರುವರಿ

ಕೂಸಿನ ಅರಿವೆ ಇನ್ನು ನಾನೇ ಒಗೆಯುತ್ತೇನೆ ಎಂದು ಸಾರಿದ್ದೇನೆ. ಲಾಲಬಿ ಕೆನ್ನೆಗೆ ಕೈ ಹಚ್ಚಿದಳು. "ಯಾ ಅಲ್ಲಾ! ಗಂಡಸರು ಇಂಥಾದ್ದು ಮಾಡೂದು ನೋಡಿಲ್ರಿ." ಮಗಳಿಗೂ ಆಶ್ಚರ್ಯ. "ಅಪ್ಪಾ, ಜನಾ ನಗತಾರ."

"ತಾಯಿ ಇಲ್ಲದ ಮಗಳವಾ ನೀ. ತಾಯಿನೂ ನಾನ, ತಂದಿನೂ ನಾನ."

ಅವಳು ಅತ್ತಳು. ನನಗೂ ಅಳು ಬಂತು, ಬೇರೆ ಕಾರಣಕ್ಕೆ. ಈಗ ಕಲ್ಲಿನ ಮೇಲೆ ಎರಡು ತಲೆಮಾರು ಒಗೆಯುತ್ತಿದ್ದೇನೆ.

೧೮ ಮೇ

ಮೂರು ತಿಂಗಳಾದ ಮೇಲೆ ಚೆನ್ನವ್ವ, ಕೂಸು ಅತ್ತೆಮನೆಗೆ ಹೋಗಬೇಕು. ಅಕ್ಕ ಹೇಳಿ ಕಳಿಸಿದ್ದಳು. ಅಮಾವಾಸ್ಯೆ ಹತ್ತಿರ ಎಂದೆ. ಅದು ಮುಗಿದ ಮೇಲೆ ಕೂಸಿಗೆ ನೆಗಡಿ ಎಂದೆ. ಆಮೇಲೆ ಬಿಸಿಲು. ಈಗ ಹೇಳಲು ಏನೂ ಉಳಿದಿಲ್ಲ. ಅಲ್ಲಿ ನಾನು ಒಗೆಯುವುದು ಹೇಗೆ?

ಮುರಿಗೆವ್ವ ಬಂದು ಕೂಸನ್ನು ಎತ್ತಿ ಆಡಿಸಿ ಹೋದಳು. ಥೀಸಿಸ್ ಮುಗಿಯುತ್ತ ಬಂದಿದೆಯಂತೆ. ಜುಲೈಯಲ್ಲಿ ಪುಣೆಗೆ ಹೋಗಿ ದೊಡ್ಡ ದೊಡ್ಡ ವಿದ್ವಾಂಸರ ಮುಂದೆ ಪೇಪರ್ ಓದುತ್ತಾಳೆ. "ನಕ್ಷಾದಾಗ ನೀನೂ ಇರತೀ, ಮಾಮಾ." ಗಂಟಲವರೆಗೆ ಬಂತು… ಪುಣೆಯ ಮಾತು ಕೇಳಿ ನುಂಗಿಕೊಂಡೆ. ಮೂರು ವರ್ಷದ ದುಡಿಮೆ ಅವಳದು. ಅದರ ಬುಡದಲ್ಲಿ ಮೌಲಾಲಿಯ ಬಾಟ್ಲಿ.

೨೪ ಜೂನ್

ಒಯ್ದರು. ತೊಟ್ಟಿಲು, ಕುಂಚಿಗೆ, ಬೆಳ್ಳಿ ಉಡದಾರ, ಎಲ್ಲ ಕೊಟ್ಟೆ. ಟಾಂಗಾ ಹತ್ತುವಾಗ ಚೆನ್ನವ್ವನ ಕಿವಿಯಲ್ಲಿ ಹೇಳಿದೆ, "ಸೋಡಾ ಹಾಕಬ್ಯಾಡವಾ, ಕೂಸಿನ ಮೈಗೆ ಆಗೂದಿಲ್ಲ." ಹೂಂ ಎಂದಳು. ಅಕ್ಕನ ಮನೆಯಲ್ಲಿ ಹೂಂ ನಡೆಯುವುದಿಲ್ಲ. ಅಲ್ಲಿ ಅಕ್ಕ ಅಂದದ್ದೇ ಕಾಯಿದೆ.

ಮನೆ ಭಣಭಣ. ರೂಢಿಯಂತೆ ಕೆರೆಗೆ ಹೋದೆ. ಒಗೆಯಲು ನನ್ನದೊಂದೇ ಧೋತರ.

೮ ಜುಲೈ, ಮಧ್ಯಾಹ್ನ

ಅಳಿಯ ಸಿದ್ದಲಿಂಗಪ್ಪ ಅಂಗಡಿಗೇ ಬಂದ. ಮುಖದಲ್ಲಿ ರಕ್ತವಿಲ್ಲ. "ಮಾಮಾ, ಕೂಸಿನ ಅರಿವಿ ಕಪ್ಪ ಆಗಾಕತ್ತಾವು. ಅವ್ವ ಎದಿಹಾಲು ಬಿಡಿಸ್ಯಾಳ. ವಿಷ ಅಂತಾಳ. ಇವಳೂ ಅಂಜಿ ಕುಡಸೂದಿಲ್ಲ."

"ಏನ ಕೊಡಾಕತ್ತೀರಿ?"

"ಸಕ್ಕರಿ ನೀರು."

ಎದ್ದು ನಿಂತೆ. ಮತ್ತೆ ಕೂತೆ. ನಿನ್ನೆಯೇ ಪುಣೆಗೆ ತಾರು ಕೊಟ್ಟಿದ್ದಾನಂತೆ, ತಂಗಿ ಹೊರಟಿದ್ದಾಳೆ. "ನೀವೂ ಬರ್ರಿ" ಎಂದ. ನೀನು ಮುಂದೆ ನಡೆ, ಹಿಂದೆಯೇ ಬರುತ್ತೇನೆ ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ಧಾರವಾಡದ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಅದೂ ಹೋಯಿತು. ಐವತ್ತು ದಾಟಿದ ಗಂಡಸು, ಮಳೆಯಲ್ಲಿ ನೆನೆದ ನಾಯಿಯ ಹಾಗೆ ಮುದುರಿ ಕೂತಿದ್ದೆ. ಎಲ್ಲರಿಗೂ ಗೊತ್ತಾಗುತ್ತದೆ. ಅಕ್ಕನಿಗೆ, ಪೇಟೆಗೆ, ಪ್ರೊಫೆಸರರಿಗೆ. ಮುರಿಗೆವ್ವನಿಗೆ.

ಮೌಲಾಲಿ ನೋಡಿ ಟಾಂಗಾ ನಿಲ್ಲಿಸಿದ. ಎಲ್ಲ ಹೇಳಿದೆ. ಮೊದಲ ಸಲ ಒಬ್ಬ ಮನುಷ್ಯನಿಗೆ. ನಗುತ್ತಾನೆ ಅಂದುಕೊಂಡಿದ್ದೆ.

"ಆವಾಗ ನನ್ನ ಬಾಟ್ಲಿ ಕೊಟ್ಟು ಪಾರಾದಿ" ಎಂದ. "ಈಗ ಯಾರ ಬಾಟ್ಲಿ ಕೊಡ್ತಿ? ಹತ್ತು ಟಾಂಗಾ."

೮ ಜುಲೈ, ಇಳಿಹೊತ್ತು. ಧಾರವಾಡ, ಅಕ್ಕನ ಮನೆ

ಪಡಸಾಲೆಯ ಕಿಟಕಿ ಹತ್ತಿರ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ನಾವು ಬಂದಾಗ ಮುರಿಗೆವ್ವ ಬಂದಿದ್ದಳು. ಕೈಯಲ್ಲಿ ಇನ್ನೂ ಟ್ರಂಕು. ಪೇಪರ್ ಓದದೆಯೇ ಬಂದಿದ್ದಾಳೆ. ಅಂಗಳದಿಂದಲೇ ಜಗಳ ಕೇಳಿಸಿತು.

"ಅವ್ವಾ, ಹಾಲಿನಾಗ ಏನೂ ಇಲ್ಲ. ಹುಟ್ಟಿನಿಂದನ ಬಂದದ್ದು. ಇಂಥಾ ಕೂಸು ಬದುಕತಾವು, ಮುದುಕರಾಗತಾವು!"

"ಯಾರ ಹೇಳಿದ್ರು?"

"ಪುಸ್ತಕದಾಗ ಐತಿ."

"ಪುಸ್ತಕದಾಗಿನ ಮಂದಿ ನನಗ ಬ್ಯಾಡ. ನಮ್ಮ ಕಾಕಾನ ಕೂಸು ಸತ್ತಿದ್ದು ನಾ ನೋಡೇನಿ. ಬದುಕಿದ್ದು ಒಂದು ತೋರಸು. ಒಂದ ಒಂದು! ಆಮ್ಯಾಲೆ ಕುಡಸ್ತೇನಿ."

ಒಳಗೆ ಕೂಸಿನ ಅಳು. ಅಳುವಲ್ಲ ಅದು, ಬೆಕ್ಕಿನ ಮರಿಯ ಸದ್ದು. ಚೆನ್ನವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಾಳೆ, ತನ್ನ ಮೈಗೆ ತಾನೇ ಹೆದರಿದ ಹಾಗೆ.

ಹೊಸ್ತಿಲು ದಾಟಿದ್ದು ಹೇಗೋ ನೆನಪಿಲ್ಲ. "ಮುರಿಗಿ, ಒಂದು ಬಾಟ್ಲಿ ಕೊಡವಾ" ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ನನ್ನ ಕಿವಿಯನ್ನು. ಕೈಯಲ್ಲಿದ್ದ ಟ್ರಂಕು ಕೆಳಗಿಟ್ಟಳು.

ಹಿತ್ತಲಿಗೆ ಹೋಗಿ ತುಂಬಿಸಿ ತಂದು ಎಲ್ಲರ ಮುಂದೆ ಕಿಟಕಿಯ ಮೇಲೆ ಇಟ್ಟೆ. ಅವಳು ಸೋಡಾ ತರಲು ಹೋದರೆ ಅಕ್ಕ ತಡೆದಳು. "ಸೋಡಾ ಗೀಡಾ ಬ್ಯಾಡ. ಆಟಾ ಹೂಡಬ್ಯಾಡ್ರಿ ನನ್ನ ಮುಂದ." ಹಾಗಾದರೆ ಗಾಳಿಗೇ ಆಗಬೇಕು, ಹೊತ್ತು ಹಿಡಿಯುತ್ತದೆ. ಕಾಯುತ್ತಿದ್ದೇವೆ. ಜೀವಮಾನವಿಡೀ ಕಪ್ಪಾಗದಿರಲಿ ಎಂದು ಬೇಡಿಕೊಂಡವನು ಈಗ ಲಗೂ ಕಪ್ಪಾಗು ಎಂದು ಬೇಡುತ್ತಿದ್ದೇನೆ.

ಮುರಿಗೆವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಆವತ್ತಿಂದು ಯಾರದು?"

"ಮೌಲಾಲಿದು."

"ಮೂರು ವರ್ಷ ಮೌಲಾಲಿ ಕಾಕಾನ್ನ ನಮ್ಮ ವಂಶದಾಗ ಇಟ್ಕೊಂಡು ಕುಂತೇನಿ?" ನಗು ಬಂತು ಅವಳಿಗೆ, ಕಣ್ಣಲ್ಲಿ ನೀರೂ. "ಥೀಸಿಸ್ ತಿರುಗಿ ಬರೀಬೇಕು, ಮಾಮಾ. ಮದಲಿಂದ." ಮತ್ತೆ — "ಈ ಮದವಿ ಆಗಾಕ ನಾನ ಹೂಂ ಅಂದೇನಲ್ಲ. ನಿನ್ನ ನಂಬಿ."

ಬೈದಿದ್ದರೆ ಚಲೋ ಇತ್ತು.

ಬಾಗಿಲಲ್ಲಿ ಮೌಲಾಲಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಹೊರಗೆ ಮೋಡ. ಬಾಟ್ಲಿ ಇನ್ನೂ ಹಳದಿ. ಕೂಸಿನ ಸದ್ದು ಸಣ್ಣಗಾಗುತ್ತಿದೆ. ಈ ದಿನವೇ ಆಗದೆ ಹೋದರೆ? ಐವತ್ತು ವರ್ಷ ಸುಳ್ಳು ಹೇಳಿದವನ ಮೈ ಈಗ ಸುಳ್ಳು ಹೇಳಿದರೆ?

ಇಲ್ಲ… ಮೇಲಿನಿಂದ. ಬಾಯಿಯ ಹತ್ತಿರ ಚಹಾದ ಬಣ್ಣ. ಇಳಿಯುತ್ತಿದೆ. ಕಬ್ಬಿನ ಕಾಕವಿಯ ಹಾಗೆ. ಕೆಳಗಿನ ಹಳದಿ ಸಣ್ಣದಾಗುತ್ತ ಬಂತು.

ಅಕ್ಕ ಎದ್ದು ಬಂದಳು. ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ನನ್ನ ಕಿವಿ ಮುಟ್ಟಿದಳು, ಸಣ್ಣವನಿದ್ದಾಗ ಹಿಂಡುತ್ತಿದ್ದ ಹಾಗೆ ಅಲ್ಲ. "ನೀಲ್ಯಾ… ಅವ್ವಗ ಗೊತ್ತಿತ್ತೇನೋ?"

"ಅಕೀನ ಒಗೀತಿದ್ಲಕ್ಕಾ."

ಅಕ್ಕ ಒಳಗೆ ಹೋದಳು. ಬಾಟ್ಲಿಯನ್ನೂ ಒಯ್ದಳು. ಏನೋ ಹೇಳುತ್ತಿದ್ದಾಳೆ ಚೆನ್ನವ್ವನಿಗೆ, ಕೇಳಿಸುತ್ತಿಲ್ಲ.

ಕೂಸಿನ ಅಳು ನಿಂತಿತು.

ಯಾಕೆ ನಿಂತಿತು? ಕಿವಿಗೊಟ್ಟೆ — ಸಣ್ಣ ಸದ್ದು, ಚಪ್ ಚಪ್ ಎಂದು. ಕೂಸು ಹಾಲು ಕುಡಿಯುತ್ತಿದೆ.