ರಕ್ತಕ್ಕೆ ಒಳ್ಳೆಯ ಸೊಪ್ಪು

ಅಪ್ಪಾ,

ಈಗ ಸಂಜೆ ಐದು ಗಂಟೆ. ಬೆಳಿಗ್ಗೆ ನಮ್ಮ ಹಿತ್ತಲ ಮಣ್ಣಿನ ಪರೀಕ್ಷೆಯ ವರದಿ ಬಂತು. ನೀನು ವರ್ಷಗಟ್ಟಲೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಕಡೆ ಮಣ್ಣಿಗೂ ಸೀಸ ಇಳಿದಿದೆಯಂತೆ. "ಇಲ್ಲಿ ಬೆಳೆದಿದ್ದು ತಿನ್ಬೇಡಿ ಕಣಮ್ಮ, ರಕ್ತಾನೇ ಕೆಡುತ್ತೆ" ಎಂದರು ವರದಿ ತಂದವರು.

ನೀನು ತೀರಿಹೋಗುವ ಮುಂಚಿನ ವರ್ಷ ನಿನ್ನ ಕೈ ನಡುಗುತ್ತಿತ್ತು, ಮುಖ ಬಿಳಿಚಿಕೊಂಡಿತ್ತು. ರಕ್ತ ಆಗಲೆಂದು ನಾನು ಅಲ್ಲೇ ದಂಟಿನ ಸೊಪ್ಪು ಬಿತ್ತಿ, ದಿನವೂ ಮಸ್ಸೊಪ್ಪು ಮಾಡಿ ಬಡಿಸಿದೆ. "ಸಾಕು ಕಣವ್ವ, ನಾನೇನು ಹಸುವಾ?" ಅನ್ನುತ್ತಲೇ ನೀನು ತಟ್ಟೆ ಖಾಲಿ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತು ನನ್ನ ಮಗಳು ಚಂದನಳೂ ಅದನ್ನೇ ಉಣ್ಣುತ್ತಿದ್ದಳು.

ಈಗಷ್ಟೇ ಗಿಡಗಳನ್ನೆಲ್ಲ ಕಿತ್ತು ಬಂದೆ. ನಾಳೆ ಒಂಬತ್ತು ಗಂಟೆಗೆ ಹೊಸಕೋಟೆಯಲ್ಲಿ ಚಂದನಳ ರಕ್ತ ಪರೀಕ್ಷೆ ಇದೆ.