ಗುರ್ರ್ ಅಂದಳು ಗುಬ್ಬಿ

ಮೇ ೫, ಭಾನುವಾರ

ನನ್ನ ಮುದ್ದಿನ ತಂಗಿಗೆ,

ಈ ಬಿಸಿಲಿನಲ್ಲೂ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡಿದರೂ ಎತ್ತುವುದಿಲ್ಲ ಎಂದು ಸಿಟ್ಟಿನಿಂದ ಬರೆದಿದ್ದೀಯ. ನನಗೆ ಆ ಫೋನಿನ ಸಹವಾಸವೇ ಬೇಡ ಕಣೇ. ಕಾಗದವಾದರೆ ನಿಧಾನವಾಗಿ ಎರಡು ಸಲ ಓದಿಕೊಳ್ಳಬಹುದು. ಅದಿರಲಿ, ಈ ಸಲದ ಸುದ್ದಿ ಓದಿದರೆ ಕುಳಿತಲ್ಲಿಂದ ಎದ್ದು ನಿಲ್ಲುತ್ತೀಯ.

ನಮ್ಮ ಮೊಮ್ಮಗಳು ಗುಬ್ಬಿಗೆ ಕಿವಿಯ ಆಪರೇಷನ್ ಆಗಿ ಯಂತ್ರ ಕೂರಿಸಿದ್ದು ನಿನಗೆ ಗೊತ್ತೇ ಇದೆ. ಹುಟ್ಟಿದಾಗಿನಿಂದ ಒಂದು ಸದ್ದನ್ನೂ ಕೇಳದ ಮಗು, ಯಂತ್ರ ಹಾಕಿದ ಕೂಡಲೇ ತಿರುಗಿ ನೋಡುತ್ತದೆಂದು ಕಾದು ಕುಳಿತಿದ್ದೆವು. ಎಲ್ಲಿ ಬಂತು! ನನ್ನ ಮಗಳು ಅವಳ ಬೆನ್ನ ಹಿಂದೆ ತಟ್ಟೆ ಬಡಿದಳು, ಬಾಗಿಲು ದಬ್ಬಿದಳು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಗುಬ್ಬಿ ತನ್ನ ಪಾಡಿಗೆ ಗೊಂಬೆಯ ತಲೆ ಬಾಚುತ್ತಿದ್ದಳು. "ಅವಸರ ಮಾಡ್ಬೇಡಿ, ಸದ್ದು ಅಂದ್ರೇನು ಅಂತ್ಲೇ ಅವಳಿಗಿನ್ನೂ ಗೊತ್ತಿಲ್ಲ" ಎನ್ನುತ್ತಿದ್ದ, ಅವಳಿಗೆ ಕೇಳಲು, ಮಾತಾಡಲು ಕಲಿಸುವ ಟೀಚರಮ್ಮನ ಮುಖವೂ ಬೇಸಿಗೆಯ ಹೊತ್ತಿಗೆ ಬಾಡಿತು. ಮಗಳಂತೂ ನನ್ನ ಮಡಿಲಿಗೆ ಬಿದ್ದು, "ಅಮ್ಮಾ, ಅಷ್ಟು ಚಿಕ್ಕ ತಲೆಗೆ ಕತ್ತರಿ ಹಾಕ್ಸಿದ್ದೂ ದಂಡ ಆಯ್ತಾ?" ಎಂದು ಅತ್ತುಬಿಟ್ಟಳು.

ಈ ನಡುವೆ ಗುಬ್ಬಿಗೆ ದಿನವೂ ಐಸ್‌ಕ್ರೀಂ ಬೇಕು, ಅದೂ ನಾನು ಮಿಕ್ಸಿಯಲ್ಲಿ ತಿರುವಿ ಕೊಡುವುದೇ ಆಗಬೇಕು. ನೀನೂ ಮಾಡಿ ನೋಡು. ಹಾಲನ್ನು ಅರ್ಧಕ್ಕಿಳಿಸಿ, ಸಕ್ಕರೆ, ಕೆನೆ ಬೆರೆಸಿ, ಫ್ರೀಜರಿನಲ್ಲಿ ಕಲ್ಲಾಗಲು ಬಿಡು. ಆಮೇಲೆ ಚೂರು ಮಾಡಿ ಜಾರಿಗೆ ಹಾಕು, ಜೊತೆಗೆ ಮುರಿದ ಚಾಕೊಲೇಟ್ ಬಿಸ್ಕೆಟ್ಟು, ಒಂದೇ ಗುಟುಕು ತಣ್ಣನೆ ಹಾಲು. ತಿರುಗಿಸು, ನಿಲ್ಲಿಸು, ತಿರುಗಿಸು, ನಿಲ್ಲಿಸು. ಒಂದೇ ಸಮ ಓಡಿಸಿದರೆ ನೀರಾಗುತ್ತದೆ. ಸರಿಯಾಗಿ ಬಂದರೆ ಲೋಟ ಬೋರಲು ಹಿಡಿದರೂ ಹನಿ ಬೀಳುವುದಿಲ್ಲ. ಮೊದಲ ಸಲ ಅಳಿಯಂದಿರ ತಲೆಯ ಮೇಲೇ ಬೋರಲು ಹಿಡಿದು ತೋರಿಸಿದೆ! ಬಿದ್ದರೆ ನನ್ನ ಮರ್ಯಾದೆಯೂ ಬೀಳುತ್ತಿತ್ತು. ತಲೆಕೆಳಗಾಗಿ ನಿಂತ ಐಸ್‌ಕ್ರೀಮನ್ನು ಗುಬ್ಬಿ ಬಾಯಿ ಬಿಟ್ಟುಕೊಂಡು ನೋಡಿದಳು. ನಾನೂ ಹಾಗೇ ನೋಡಿದೆ.

ಮಿಕ್ಸಿ ಓಡುವಾಗ ಅವಳು ಮುಚ್ಚಳದ ಮೇಲೆ ಅಂಗೈಯಿಟ್ಟು ಅದರ ನಡುಕ ಹಿಡಿಯುತ್ತಾಳೆ. ಅವಳ ಕೈಮಾತಿನಲ್ಲಿ ಐಸ್‌ಕ್ರೀಮಿಗೆ ಹೆಸರೇ ಅದು, ಅಂಗೈ ಚಾಚಿ ಗಡಗಡ ನಡುಗಿಸುವುದು.

ಅಳಿಯಂದಿರದು ಮಿಕ್ಸಿ ರಿಪೇರಿ ಅಂಗಡಿಯಲ್ಲವೇ? ಊರವರ ಮಿಕ್ಸಿಗಳೆಲ್ಲ ಅವರ ಕೈಯಲ್ಲಿ ಸಾಧುವಾಗುತ್ತವೆ, ನಮ್ಮ ಮನೆಯದಕ್ಕೆ ಮಾತ್ರ ಪುರಸೊತ್ತಿಲ್ಲ. ಗುಂಡಿಯನ್ನು ಸೊನ್ನೆಗೆ ತಿರುಗಿಸಿದರೂ ಒಮ್ಮೊಮ್ಮೆ ಅದು ನಿಲ್ಲುವುದೇ ಇಲ್ಲ. "ಅತ್ತೆ, ಸದ್ದು ನಿಂತ ಮೇಲೇ ಮುಚ್ಚಳ ತೆಗೀರಿ" ಎಂದು ದಿನಾ ನನಗೆ ಪಾಠ.

ಮೊನ್ನೆ ಮಧ್ಯಾಹ್ನ ಗುಬ್ಬಿ ಹಜಾರದಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕುಳಿತಿದ್ದಳು. ನಾನು ಗುಂಡಿ ತಿರುಗಿಸಿದವಳೇ ಮುಚ್ಚಳ ಎತ್ತಿಬಿಟ್ಟೆ. ಅಯ್ಯೋ ದೇವರೇ! ಐಸ್‌ಕ್ರೀಮೆಲ್ಲ ಚಿಮ್ಮಿ ಗೋಡೆಗೆ, ಸೂರಿಗೆ, ನನ್ನ ಕನ್ನಡಕಕ್ಕೆ ಬಡಿಯಿತು. ಅಳಿಯಂದಿರು ಓಡಿ ಬಂದು ಪ್ಲಗ್ ಕಿತ್ತರು. ಕನ್ನಡಕ ಒರೆಸಿಕೊಂಡು ನೋಡುತ್ತೇನೆ, ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ!

ಕಿವಿ ಮುಚ್ಚಿಕೊಂಡಿದ್ದಳು ಕಣೇ! ಸದ್ದಾದರೆ ಕಿವಿ ಮುಚ್ಚಿಕೊಳ್ಳಬೇಕೆಂದು ಆ ಮಗುವಿಗೆ ಯಾರು ಹೇಳಿಕೊಟ್ಟರು? "ಕೇಳಿಸ್ತು! ಅವಳಿಗೆ ಕೇಳಿಸ್ತು!" ಎಂದು ಮಗಳು ಗೋಡೆ ಹಿಡಿದು ನಿಂತಳು. ಗುಬ್ಬಿ ಮೆಲ್ಲಗೆ ನನ್ನ ಹತ್ತಿರ ಬಂದು, ಮಿಕ್ಸಿ ತೋರಿಸಿ, ಅಂಗೈ ನಡುಗಿಸಿ, ನನ್ನ ಮುಖವನ್ನೇ ನೋಡುತ್ತ "ಗುರ್ರ್..." ಅಂದಳು. ಇಷ್ಟು ದಿನ ಅಂಗೈಯಲ್ಲಿ ಹಿಡಿದ ನಡುಕಕ್ಕೆ ಒಂದು ಸದ್ದೂ ಇದೆಯೆಂದು ಅವಳಿಗೆ ಗೊತ್ತಾಗಿತ್ತು. ಅಳಿಯಂದಿರು ಅಲ್ಲೇ ನೆಲಕ್ಕೆ ಕುಳಿತು, "ಅತ್ತೆ, ನಿಮ್ಮ ಆತುರಕ್ಕೆ ಕೈ ಮುಗೀಬೇಕು" ಎಂದರು. ಆ ಮಿಕ್ಸಿಯನ್ನು ಇನ್ನು ಯಾರೂ ರಿಪೇರಿ ಮಾಡಕೂಡದೆಂದು ಮಗಳ ಅಪ್ಪಣೆಯಾಗಿದೆ. ಸೂರಿನ ಕಲೆ ಒರೆಸಲೂ ಯಾರಿಗೂ ಮನಸ್ಸಿಲ್ಲ.

ನಿನಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿಮ್ಮ ಮನೆ ತುಂಬ ಸದ್ದಿರಲಿ.

ಇಂತಿ ನಿನ್ನ ಅಕ್ಕ

ತಾ.ಕ.: ಅದು ಆತುರವಲ್ಲ ಕಣೇ. ಮಿಕ್ಸಿ ಇನ್ನೂ ಓಡುತ್ತಿದ್ದದ್ದು ನನಗೆ ಕೇಳಿಸಲಿಲ್ಲ. ಗಿರಣಿಯ ಮಗ್ಗಗಳ ನಡುವೆ ದುಡಿದ ಕಿವಿ, ಚಳಿಗಾಲದಿಂದ ಪೂರ್ತಿ ಕೈಕೊಟ್ಟಿದೆ. ತುಟಿ ನೋಡಿ ಹೇಗೋ ಸಂಭಾಳಿಸುತ್ತಿದ್ದೇನೆ. ಮಗಳ ಮುಖದಲ್ಲಿ ಈಗಷ್ಟೇ ನಗು ಬಂದಿದೆ, ಅವಳಿಗೆ ಹೇಗೆ ಹೇಳಲಿ? ನೀನೂ ಹೇಳಬೇಡ. ಮಿಕ್ಸಿ ನಿಂತಿತೋ ಇಲ್ಲವೋ ಎಂದು ಈಗ ನಾನೂ ಗುಬ್ಬಿಯ ಹಾಗೆ ಮುಚ್ಚಳದ ಮೇಲೆ ಅಂಗೈಯಿಟ್ಟೇ ನೋಡುತ್ತೇನೆ. ಮೇಲೆ ‘ಗುರ್ರ್ ಅಂದಳು’ ಎಂದು ಬರೆದಿದ್ದೇನಲ್ಲ, ಅದನ್ನು ‘ಅಂದಳಂತೆ’ ಎಂದು ಓದಿಕೋ.