ಗವಿಯಲ್ಲಿದ್ದವಳಿಗೆ, ಒಂದು ರೇಷ್ಮೆ ಅಂಗಿಯ ವಿಷಯ

ಅಮ್ಮನ ಗುಟ್ಟಿನ ಗೆಳತಿಗೆ, ರೆಸ್ತಿತೂತಾಳ ಹಿರಿಮಗಳು ಒಲಿಂಪಿಯಾ ಬರೆಯುವುದು.

ನಿನ್ನನ್ನು ಏನೆಂದು ಕರೆಯಲಿ? ನಾನು ಕಂಡದ್ದು ನಿನ್ನ ತಲೆಬುರುಡೆಯನ್ನು ಮಾತ್ರ. ಫೊಂತನೆಲ್ಲೆ ಗವಿಯಲ್ಲಿ, ಯಾವ ಕಾಲದ್ದೋ ಪ್ಲೇಗಿಗೆ ಸತ್ತು ಹೆಸರಿಲ್ಲದೆ ರಾಶಿ ಬಿದ್ದವರ ನಡುವೆ ನೀನಿದ್ದೆ. ಅಮ್ಮ ನಿನ್ನನ್ನು ಆರಿಸಿಕೊಂಡಳು. ನೇಪಲ್ಸಿನಲ್ಲಿ ನಮ್ಮಂಥವರೆಲ್ಲ ದಿಕ್ಕಿಲ್ಲದ ಒಂದು ಬುರುಡೆಯನ್ನು ನೆಂಟರೆಂದು ಸಾಕಿಕೊಳ್ಳುವುದು ಹೊಸದೇನಲ್ಲ. ಸೋಮವಾರ ಬಂತೆಂದರೆ ಅಮ್ಮ ಧೂಳು ಒರೆಸಿ, ದೀಪ ಹಚ್ಚಿ, ಮನೆಯ ಸುದ್ದಿಯನ್ನೆಲ್ಲ ನಿನ್ನ ಮುಂದೆ ಸುರಿಯುತ್ತಿದ್ದಳು. ಕಟ್ಟಿಕೊಂಡ ಗಂಡನ ಹತ್ತಿರವೂ ಅಷ್ಟು ಮಾತಾಡಿದವಳಲ್ಲ. ನಾವು ನಿಮಗಾಗಿ ಪ್ರಾರ್ಥಿಸಬೇಕು, ನೀವು ಮೇಲಿನವರ ಹತ್ತಿರ ನಮಗಾಗಿ ಒಂದು ಮಾತು ಹೇಳಬೇಕು. ಮನಸ್ಸಿಗೆ ಬಂದರೆ ಬುರುಡೆ ಚಳಿಗಾಲದಲ್ಲೂ ಬೆವರುತ್ತದೆ, ಆಮೇಲೆ ಕನಸಿನಲ್ಲಿ ಬಂದು ಹೆಸರು ಹೇಳುತ್ತದೆ. ನೀನು ಬೆವರಿದ್ದನ್ನು ನಾನೂ ನೋಡಿದೆ. ಕಲ್ಲಿನ ತೇವ ಇರಬೇಕು ಎಂದುಕೊಂಡೆ.

ಅಮ್ಮ ನಿನ್ನಲ್ಲಿ ಬೇಡಿದ್ದು ಒಂದನ್ನೇ. ನನ್ನ ತಂಗಿ ನುನ್ಸಿಯಾಳ ಎರಡು ಮಕ್ಕಳು ಉಸಿರಾಡದೆಯೇ ಹೋಗಿದ್ದವು. ಮೂರನೆಯದಾದರೂ ಬದುಕಲಿ ಎಂದು. ಒಂದು ಬೆಳಿಗ್ಗೆ ಅಮ್ಮ ನಗುನಗುತ್ತ ಎದ್ದಳು. "ಕನಸಿನಲ್ಲಿ ಬಂದಿದ್ದಳು ಕಣೇ. ಹೆಸರೂ ಹೇಳಿದಳು. ಅವಳಿಗೂ ಒಂದು ಆಸೆ ಇದೆಯಂತೆ, ಆಗಲಿ ಅಂದುಬಿಟ್ಟೆ."

"ಏನು ಆಸೆ? ಏನು ಹೆಸರು?"

"ನಿನಗ್ಯಾಕೆ ಈಗಲೇ? ಮಗು ಕೈಗೆ ಬರಲಿ, ಹೇಳ್ತೀನಿ."

ಹೇಳಲಿಲ್ಲ. ನವೆಂಬರಿನಲ್ಲಿ, ಸತ್ತವರ ಹಬ್ಬದ ಮರುದಿನ, ಅಡುಗೆಮನೆಯಲ್ಲಿ ಕೂತಲ್ಲೇ ಹೋಗಿಬಿಟ್ಟಳು.

ಕ್ರಿಸ್ಮಸ್ಸಿಗೆ ಇನ್ನು ಕೆಲವೇ ದಿನ ಇರುವಾಗ ನುನ್ಸಿಯಾಗೆ ನೋವು ಶುರುವಾಯಿತು. ಹುಟ್ಟಿದ ಮಗುವಿನ ಮೈಗೆ ಮೊದಲು ತಾಗಬೇಕಾದದ್ದು ಅದೃಷ್ಟದ ಬಿಳಿ ರೇಷ್ಮೆ ಅಂಗಿ, ಅದನ್ನು ತರಬೇಕಾದವಳು ಅಜ್ಜಿ. ನಮ್ಮ ಮನೆಯಲ್ಲಿ ನೋವು ಬರುವ ಮುಂಚೆ ಅದನ್ನು ಕೊಳ್ಳುವುದಿಲ್ಲ. ಅಜ್ಜಿ ಇಲ್ಲವಲ್ಲ, ನಾನೇ ಓಡಿದೆ.

ಮೆರ್ಕಾತೊ ಚೌಕದಲ್ಲಿ ದೊನ್ ಅಲ್ಫೊನ್ಸೊನ ಬಟ್ಟೆ ಅಂಗಡಿ ನಿನಗೆ ಈಗ ಗೊತ್ತೇ ಇದೆ. ಅವನು ಕಾಲು ಮುರಿದುಕೊಂಡು ಎರಡು ತಿಂಗಳು ಮಗಳ ಊರಿನಲ್ಲಿದ್ದು ಅದೇ ವಾರ ಬಂದಿದ್ದ. ನನ್ನನ್ನು ನೋಡಿ ನಕ್ಕ. "ಏನಮ್ಮಾ, ಮನೆಯವರೆಲ್ಲ ಒಂದೊಂದು ಅಂಗಿ ತೊಡಿಸ್ತೀರೋ ಮಗೂಗೆ? ಈಗ ತಾನೇ ನಿಮ್ಮಮ್ಮ ತಗೊಂಡು ಹೋದರಲ್ಲ. ಇದ್ದದ್ದೇ ಅದೊಂದು. ಜೊತೆಗೆ ಒಬ್ಬರು ತೆಳ್ಳಗಿನ ಹೆಂಗಸು, ಆರಿಸಿದ್ದೆಲ್ಲ ಅವರೇ. ಪಾಪ, ಜ್ವರವೋ ಏನೋ, ಈ ಚಳೀಲಿ ಮುಖ ತುಂಬ ಬೆವರು."

ಅವರು ಯಾವ ಕಡೆ ಹೋದರೆಂದು ಕೇಳಿಕೊಂಡು ಬೀದಿಗೆ ಇಳಿದೆ. ಅಮ್ಮ ಸತ್ತದ್ದನ್ನು ಅವನಿಗೆ ಹೇಳಲಿಲ್ಲ.

ಸಾನ್ ದೊಮೆನಿಕೊ ಚೌಕದ ಮಿಠಾಯಿ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಒರೆಸಿದ ಒದ್ದೆ ಗುರುತಿತ್ತು. ಇಬ್ಬರು ಹೆಂಗಸರು ಗಾಜಿನಾಚೆ ನಿಂತು ಜೇನಿನ ಉಂಡೆಗಳನ್ನು ಬಹಳ ಹೊತ್ತು ನೋಡಿ ಹೋದರಂತೆ. ಒಬ್ಬಳು ಗಾಜನ್ನು ನೆಕ್ಕುವಷ್ಟು ಹತ್ತಿರ ಬಂದಿದ್ದಳು ಎಂದು ಅಲ್ಲಿಯ ಹುಡುಗಿ ಮುಖ ಸಿಂಡರಿಸಿದಳು. ಸಾನ್ ಗ್ರೆಗೋರಿಯೊ ಬೀದಿಯಲ್ಲಿ ಕ್ರಿಸ್ಮಸ್ಸಿನ ಗೋದಲಿಯ ಬೊಂಬೆ ಮಾರುವ ದೊನ್ನಾ ತಿತಿನಾ ಅಮ್ಮನ ಶವಪೆಟ್ಟಿಗೆಯ ಹಿಂದೆ ನಡೆದವಳು. ಅವಳು ಮಾತ್ರ ನಗಲಿಲ್ಲ.

"ನೋಡಿದೆ ಒಲಿಂಪಿಯಾ. ಮಾತಾಡಿಸಲಿಲ್ಲ. ಸತ್ತೋರು ಪೇಟೆಗೆ ಬಂದರೆ ಹೋಗಲಿ ಅಂತ ಬಿಟ್ಟುಬಿಡಬೇಕು. ಮೇಲಕ್ಕೆ ಹೋದರು, ಸಾನಿತಾ ಕಡೆಗೆ. ನಿಮ್ಮಮ್ಮ ಅಂಗಡಿ ನೋಡ್ತಾ ನಿಂತರೆ ಇನ್ನೊಬ್ಬಳು ಕೈ ಹಿಡಿದು ಎಳೀತಿದ್ದಳು. ಹೊತ್ತಾಯ್ತು, ಹೊತ್ತಾಯ್ತು ಅಂತ."

ಸಾನಿತಾದಲ್ಲಿ ನಮ್ಮ ಮನೆಯೂ ಇದೆ, ನಿನ್ನ ಗವಿಯೂ ಇದೆ. ಸಂತೆಯ ಜನವನ್ನು ನೂಕಿಕೊಂಡು ಓಡುತ್ತ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಮ್ಮನನ್ನು ಬೇಕಾದರೆ ಇಟ್ಟುಕೋ, ಆ ಅಂಗಿಯನ್ನು ಗವಿಗೆ ಒಯ್ಯಬೇಡ, ಮಗುವನ್ನು ಬಿಡು ಎಂದು ಗೋಗರೆದೆ. ದಾರಿ ಕವಲಾಗುವಲ್ಲಿ ಒಂದು ಕ್ಷಣ ನಿಂತು, ಮನೆಯ ಕಡೆಗೇ ತಿರುಗಿದೆ.

ಬಾಗಿಲು ತೆರೆದಿತ್ತು. ಮಗು ಹುಟ್ಟಿತ್ತು. ಮೈಮೇಲೆ ರೇಷ್ಮೆ ಅಂಗಿ ಇತ್ತು. ಸೂಲಗಿತ್ತಿ ಬೇರೆ ಕೇರಿಯವಳು, ಅಮ್ಮನನ್ನು ಕಂಡವಳಲ್ಲ. "ಮಗುವಿನ ಅಜ್ಜಿ ಅಂತ ಹೇಳಿ ನಿಮ್ಮ ತಾಯಿ ಅಂಗಿ ಕೊಟ್ಟು ಒಳಗೆ ಬಂದರು. ಹೆಣ್ಣುಮಗು. ಮೊದಲು ಅಳಲೇ ಇಲ್ಲ, ಮೈ ನೀಲಿಗಟ್ಟಿತ್ತು, ನಾನು ಕೈಬಿಟ್ಟಿದ್ದೆ. ಜೊತೆಗೆ ಬಂದವರು ಬಗ್ಗಿ ಕಿವೀಲಿ ಏನೋ ಒಂದು ಮಾತು ಹೇಳಿದರು. ಆಮೇಲೆ ನೋಡಿ, ಮನೆ ಹಾರಿಹೋಗೋ ಹಾಗೆ ಅತ್ತಿತು. ತಿರುಗಿ ನೋಡಿದರೆ ನಿಮ್ಮ ತಾಯಿ ಒಬ್ಬರೇ ಮೆಟ್ಟಿಲು ಇಳೀತಿದ್ದರು." ನುನ್ಸಿಯಾ ಕಣ್ಣು ಮುಚ್ಚಿಯೇ ಇದ್ದಳು. "ಅಮ್ಮ ಹಣೆ ಸವರಿದಳು ಅಕ್ಕಾ," ಎಂದಳು. ನಾನು ಹೂಂ ಎಂದೆ.

ಸೋಮವಾರ ಕೃತಜ್ಞತೆಗೆಂದು ದೀಪ ತೆಗೆದುಕೊಂಡು ಗವಿಗೆ ಬಂದೆ. ನೀನಿರಲಿಲ್ಲ. ನಿನ್ನ ಅಕ್ಕಪಕ್ಕದವರು ಧೂಳು ಹೊದ್ದು ಹಾಗೆಯೇ ಕೂತಿದ್ದರು. ನೀನು ಕೂತಿದ್ದ ಕಲ್ಲಿನ ಮೇಲೆ ಮಾತ್ರ ಅಂಗೈಯಗಲದ ಜಾಗ ಖಾಲಿಯಾಗಿತ್ತು. ಯಾರೂ ಏನನ್ನೂ ಒಯ್ದಿಲ್ಲ ಎಂದು ಕಾವಲಿನವನು ಆಣೆಯಿಟ್ಟ. ಮನೆಗೆ ಬಂದು ತೊಟ್ಟಿಲೊಳಗೆ ಬಗ್ಗಿ ನೋಡಿದೆ. ಮಗು ನನ್ನನ್ನೇ ನೋಡುತ್ತಿತ್ತು, ಬಹಳ ಕಾಲದ ಗುರುತಿನವರನ್ನು ನೋಡುವ ಹಾಗೆ. ಅಮ್ಮ ಒಪ್ಪಿಕೊಂಡ ನಿನ್ನ ಆಸೆ ಯಾವುದೆಂದು ಆಗ ತಿಳಿಯಿತು.

ನನಗೆ ಹೆದರಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ನುನ್ಸಿಯಾಳ ಮಗುವಿನ ನಿಂತ ಉಸಿರನ್ನು ನೀನು ಹಿಡಿದು ತಂದೆಯೋ, ಅದು ಬಿಟ್ಟುಹೋದ ಮೈಯಲ್ಲಿ ನೀನೇ ಬಂದು ಮಲಗಿದೆಯೋ, ನನಗೆ ಎಂದೂ ಹೇಳಬೇಡ. ನುನ್ಸಿಯಾ ಮೊಲೆಯೂಡಿಸುತ್ತ ಹಾಡುತ್ತಾಳೆ. ಈ ಮನೆಯಲ್ಲಿ ಹಾಡು ಕೇಳಿ ಎಷ್ಟು ಕಾಲವಾಗಿತ್ತು. ನಾಳೆ ದೀಕ್ಷಾಸ್ನಾನ, ಪಾದ್ರಿ ಹೆಸರು ಕೇಳುತ್ತಾರೆ. ರೆಸ್ತಿತೂತಾ ಎನ್ನುತ್ತೇವೆ. ಹಳೆಯ ಹೆಸರನ್ನು ಮರೆತುಬಿಡು, ಗವಿಯನ್ನೂ ಮರೆತುಬಿಡು. ಹಾಲು ಕುಡಿ, ಹಟ ಮಾಡು, ನನ್ನ ಜಡೆ ಎಳೆ. ಈ ಕಾಗದವನ್ನು ಗವಿಯಲ್ಲಿಟ್ಟು ಪ್ರಯೋಜನವಿಲ್ಲ, ನಿನ್ನ ದಿಂಬಿನ ಕೆಳಗೆ ಇಡುತ್ತಿದ್ದೇನೆ.

ಈ ಸಲವಾದರೂ ಹೆಸರಿಟ್ಟುಕೊಂಡು ನೂರು ವರ್ಷ ಬಾಳು, ಮಗಳೇ.

ನಿನ್ನ ದೊಡ್ಡಮ್ಮ,
ಒಲಿಂಪಿಯಾ